ಒಂದೇ ತುದಿಯ ಗುಳಿಗಳು

ಅಂದು ಬೆಳಿಗ್ಗೆ ಎದುರುಮನೆಯೂ ಕಾಣದಷ್ಟು ಮಂಜು. ಬಾಗಿಲು ತಟ್ಟಿದ ಹೆಂಗಸು ಹುಬ್ಬಿನವರೆಗೆ ಶಾಲು ಹೊದ್ದಿದ್ದಳು. ಕೈಚೀಲದ ಭಾರಕ್ಕೆ ಅವಳ ಒಂದು ಭುಜ ಇಳಿದಿತ್ತು.

“ಯಾರಮ್ಮ?” ಎಂದರು ಮುದುಕರು.

“ಒಂದು ಗೇರ್ ತಂದಿದ್ದೀನಿ. ನೀವೇ ನೋಡಿ ಹೇಳಬೇಕು.”

ಕ್ರೇನಿನ ಗೇರ್‌ಬಾಕ್ಸಿನದು. ಹಲ್ಲು ಮುರಿದು, ಎತ್ತಿದ ಭಾರ, ಕೆಳಗೆ ನಿಂತು ಕ್ರೇನ್ ನಡೆಸುತ್ತಿದ್ದ ಹುಡುಗನ ಮೇಲೆಯೇ ಬಿದ್ದಿತ್ತು. ಮಿತಿಮೀರಿ ಎತ್ತಲು ಹೋದ, ತಾನೇ ಸತ್ತ ಎಂದು ಕಾರ್ಖಾನೆಯೆಲ್ಲ ಆಡಿಕೊಂಡಿತು.

“ಕಾರ್ಖಾನೆಯವರು ನಂಬೋದು ಬೇಡ. ನಿಮ್ಮ ಬಾಯಲ್ಲಿ ಬಂದ್ರೆ ಸಾಕು” ಎಂದಳು. ಮೇಜಿನ ದೀಪವನ್ನು ಎಡಕ್ಕೆ ತಿರುಗಿಸಿ, ಎರಡನೇ ಖಾನೆಯಿಂದ ಭೂತಗನ್ನಡಿ ತೆಗೆದುಕೊಟ್ಟಳು.

ಮುದುಕರು ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಒಂದೊಂದೇ ಹಲ್ಲಿನ ಮೇಲೆ ಉಗುರು ಎಳೆದರು.

“ತುಕ್ಕೇ ಹಿಡಿದಿಲ್ಲ. ಮಗೂನ ಒರೆಸಿದ ಹಾಗೆ ಒರೆಸಿದ್ದೀಯ.”

“ಅಭ್ಯಾಸ ಆಗಿಹೋಗಿದೆ.”

“ಈ ಗುಳಿ ನೋಡು, ಸಿಡುಬಿನ ಕಲೆ ಥರ. ಎಲ್ಲಾ ಹಲ್ಲಿಗೂ ಒಂದೇ ತುದೀಲಿ. ಶಾಫ್ಟ್ ಸೊಟ್ಟ ಕೂರಿಸಿದ್ದಾರೆ, ಭಾರವೆಲ್ಲ ಅಲ್ಲಿಗೇ ಬಿದ್ದಿದೆ. ಬಿರುಕು ಹೊರಟಿದ್ದೂ ಅಲ್ಲಿಂದಲೇ. ಮುರಿದ ಜಾಗ ಮುಕ್ಕಾಲು ಪಾಲು ನುಣ್ಣಗೆ, ಕಪ್ಪಗೆ ಇದೆಯಲ್ಲ, ಅದು ಹಳೇ ಬಿರುಕು. ಕೊನೇ ಚೂರು ಮಾತ್ರ ಹೊಸದು. ಮಿತಿಮೀರಿ ಎತ್ತಿದ್ರೆ ಪೂರ್ತಿ ಒರಟಾಗಿ ಒಂದೇ ಏಟಿಗೆ ಮುರೀತಿತ್ತು. ಆ ಹುಡುಗನದು ಏನೂ ತಪ್ಪಿಲ್ಲಮ್ಮ.”

ಅವಳು ಶಾಲಿನ ಅಂಚನ್ನು ಬಾಯಿಗೊತ್ತಿಕೊಂಡಳು.

“ಆಗ ಪರೀಕ್ಷೆ ಮಾಡಿದ ಮಹಾನುಭಾವ ಯಾರು? ಹಲ್ಲು ನೋಡಿದನೋ, ಹಲ್ಲು ಕಿರಿದು ಎದ್ದುಹೋದನೋ?” ಎಂದರು ಮುದುಕರು.

“ಹುಡುಗನ ಅಪ್ಪನೇ. ಮಗನ ಪಕ್ಷ ವಹಿಸಿದ ಅಂತ ಯಾರೂ ಅನ್ನಬಾರದಲ್ಲ. ಮಗನದೇ ತಪ್ಪು ಅಂದುಬಿಟ್ರು.”

ಮುದುಕರು ಭೂತಗನ್ನಡಿಯನ್ನು ಕೆಳಗಿಟ್ಟರು.

“ದೇವರೇ. ಆ ಜೀವ ಹೇಗೆ ನಿದ್ದೆ ಮಾಡುತ್ತೋ. ಹೋಗಿ ಹೇಳಮ್ಮ ಅವನಿಗೆ.”

“ದಿನಾ ಗೊತ್ತಾಗುತ್ತೆ ಅವರಿಗೆ. ಸಂಜೆಗೆ ಮರೆತುಬಿಡ್ತಾರೆ.”

“ಇಂಥದ್ದನ್ನ ಯಾರಾದ್ರೂ ಮರೀತಾರಾ?”

ಮುದುಕರು ಗೇರನ್ನು ಬಟ್ಟೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟರು.

“ತಗೋ. ಆ ಹುಡುಗನ ಹೆಸರು ಚೊಕ್ಕವಾಗಿದೆ.”

ಅವಳು ಮಂಜಿಗಿಳಿದಳು. ಗೋಡೆ ಹಿಡಿದುಕೊಂಡೇ ಅದೇ ಮನೆಯನ್ನು ಸುತ್ತಿ, ಹಿಂಬಾಗಿಲಿಂದ ಒಳಬಂದು, ಶಾಲು ತೆಗೆದಿಟ್ಟು, ಗೇರನ್ನು ಹಾರ ಹಾಕಿದ ಗಂಡನ ಫೋಟೋದ ಕೆಳಗಿಟ್ಟಳು.

“ಮಾವ, ತಿಂಡಿಗೆ ಏಳಿ.”