ಕೂಸಿನ ಮನೆಗೆ ಬೀಗ

ಸಾಹುಕಾರರೊಬ್ಬರದೇ ಆಗಿದ್ದ ಊದುಬತ್ತಿ ಕಾರ್ಖಾನೆ ಈಗ ಮೂರು ಪಾಲಾಗಿತ್ತು. ಒಂದು ಅವರ ಕುಟುಂಬದ್ದು, ಒಂದು ಮುಂಬೈ ಕಂಪನಿಯದು, ಇನ್ನೊಂದು ಕೆಲಸಗಾರರದು. ಎರಡು ಪಾಲಿನವರು ಕೈ ಎತ್ತಿದ್ದೇ ತೀರ್ಮಾನ. ಕೆಲಸಕ್ಕೆ ಬರುವ ತಾಯಂದಿರು ಮಕ್ಕಳನ್ನು ಬಿಡುತ್ತಿದ್ದ ಕೂಸಿನ ಮನೆಯನ್ನು ಮುಚ್ಚಿದರೆ ಪಾಲುದಾರರಿಗೆಲ್ಲ ಲಾಭ ಹೆಚ್ಚುತ್ತದೆ ಎಂದು ಮುಂಬೈಯವರು ಮಾತು ತೆಗೆದಾಗ, ಹೆಂಗಸರೆಲ್ಲ ಸೇರಿ ತಮ್ಮಲ್ಲೊಬ್ಬಳಾದ ಜಯಶೀಲಳ ಗಂಡನನ್ನೇ ಕೆಲಸಗಾರರ ಪರವಾಗಿ ಸಭೆಗೆ ಕಳಿಸಿದರು. ಅವನು ಸಪ್ಪೆ ಮೋರೆ ಹಾಕಿಕೊಂಡು ಬಂದ.

"ಏನ್ ಮಾಡ್ಲಿ? ದೊಡ್ಡೋರಿಬ್ರೂ ಒಂದಾಗ್ಬಿಟ್ರು."

ಮರುದಿನವೇ ಕೂಸಿನ ಮನೆಗೆ ಬೀಗ ಬಿತ್ತು. ಮಗುವನ್ನು ಬಿಡಲು ಬೇರೆ ಜಾಗವಿಲ್ಲದೆ, ಇನ್ನು ಕೆಲಸವೂ ಹೋದಂತೆಯೇ ಎಂಬ ಸಂಕಟದಲ್ಲಿ ಜಯಶೀಲ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡೇ ಸಾಹುಕಾರರ ಮನೆಗೆ ನುಗ್ಗಿದಳು.

"ನಿಮ್ಮ ಮಕ್ಕಳು ನನಗೆ ಮೊಮ್ಮಕ್ಕಳಿದ್ದಂಗೆ ಅಂತಿದ್ರಲ್ಲ ಸಾಹುಕಾರ್ರೇ? ಒಳ್ಳೇ ತಾತ ನೀವು! ಹೋಗಿ ಮುಂಬೈಯೋರ ಜೊತೆ ಸೇರ್ಕೊಂಡ್ರಾ?"

"ನಾನು ಮುಚ್ಚೋದು ಬೇಡ ಅಂತಲೇ ಹೇಳ್ದೆ ಕಣಮ್ಮ. ಮನೆಯವರೇ ಅವರ ಕಡೆ ಕೈ ಎತ್ತಿಬಿಟ್ರೆ ನಾನೊಬ್ಬ ಏನು ಮಾಡ್ಲಿ?"

"ಅಮ್ಮಾವ್ರಾ? ಸುಳ್ಳು ಹೇಳ್ಬೇಡಿ! ನನ್ನ ಮಗೀಗೆ ಮೊದಲ ತುತ್ತು ತಿನ್ನಿಸಿದ್ದೇ ಅವ್ರು. ಅಂಥೋರು ಹೆಂಗೆ ಕೈ ಎತ್ತಿದ್ರು?"

ಸಾಹುಕಾರರು ಅವಳ ಮುಖ ನೋಡಲಾರದೆ ಕೂಸಿನ ತಲೆ ಸವರಿದರು.

"ನಮ್ಮ ಮನೆಯವರಲ್ಲಮ್ಮ. ನಿಮ್ಮ ಮನೆಯವರು."