ದೋಷವಿಲ್ಲದ ಸೈಕಲ್

“ಇದು ಬ್ಯಾಡ ಕಣ್ರೀ ಮೇಡಂ,” ಎಂದು ನಾಗಭೂಷಣ ಮೊದಲನೇ ಸೈಕಲ್ಲನ್ನು ಪಕ್ಕಕ್ಕೆ ಸರಿಸಿದ. “ಚಕ್ರ ನೋಡಿ, ಆಟದ ಸಾಮಾನಿನಂಗೈತೆ. ನಿಮ್ಮೂರ ದಾರೀಲಿ ಒಂದು ಕಲ್ಲು ಅಡ್ಡ ಸಿಕ್ರೆ ಸೈಕಲ್ಲು ರೋಡಲ್ಲಿ, ನೀವು ಬೇಲಿ ಮೇಲೆ.”

ಶಶಿರೇಖಾ ನಕ್ಕಳು. ತಿಪಟೂರಿನ ಬಾಲರಾಜುವಿನ ಅಂಗಡಿಯಲ್ಲಿ ಮಡಚುವ ಸೈಕಲ್ಲುಗಳು ಇದ್ದದ್ದೇ ಮೂರು. ಅವಳಿಗೆ ಅದರಲ್ಲೊಂದು ಬೇಕಿತ್ತು. ದಂಡಿನಶಿವರದ ಕಡೆಯವಳು, ಇಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಸಂಜೆ ಬಸ್ಸಿಳಿದ ಮೇಲೆ ತೋಟಗಳ ನಡುವೆ ಊರಿನವರೆಗೆ ಒಬ್ಬಳೇ ನಡೆಯಬೇಕು. ಮಾಮೂಲಿ ಸೈಕಲ್ಲನ್ನು ಬೆಳಿಗ್ಗೆ ರಸ್ತೆಬದಿ ಬಿಟ್ಟು ಬಂದರೆ ಸಂಜೆಗೆ ಬರೀ ಬೀಗ ಸಿಗುತ್ತದೆ. ಮಡಚುವಂಥದ್ದಾದರೆ ಬಸ್ಸಿನಲ್ಲೇ ಜೊತೆಗಿಟ್ಟುಕೊಳ್ಳಬಹುದು. ರಜೆ ಬಂದರೆ ರೈಲಿಗೆ ಹಾಕಿಕೊಂಡು ಹೋಗಿ ಹಂಪಿ ಸುತ್ತಬಹುದು. ಗಂಡ ತೀರಿಕೊಂಡ ಮೇಲೆ ಅವಳು ಬಾಯಿಬಿಟ್ಟು ಆಸೆಪಟ್ಟ ಮೊದಲ ವಸ್ತು ಇದು. ಆರಿಸಿಕೊಡಿ ಎಂದು ನಾಗಭೂಷಣನನ್ನು ಕರೆದುಕೊಂಡು ಬಂದಿದ್ದಳು. ಕೊಬ್ಬರಿ ಮಂಡಿಯಲ್ಲಿ ಮಾಲು ನೋಡುವುದೇ ಅವನ ಕೆಲಸ. ಎರಡು ಕೊಬ್ಬರಿ ಉಂಡೆಗಳನ್ನು ಒಂದಕ್ಕೊಂದು ತಟ್ಟಿ, ಮೂಸಿ, ಇದು ಹಸಿ, ಇದು ಹುಳುಕು ಎಂದು ಹೇಳುವುದರಲ್ಲಿ ಅವನನ್ನು ಬಿಟ್ಟರೆ ಮಾರ್ಕೆಟ್ ಯಾರ್ಡಿನಲ್ಲಿ ಇನ್ನೊಬ್ಬನಿರಲಿಲ್ಲ.

ಪಾಪ, ಅವನ ಸಂಕಟ ಅವಳಿಗೇನು ಗೊತ್ತು? ಬೆಳಿಗ್ಗೆ ಅವನ ಬಸ್ಸು ಚಿಕ್ಕನಾಯಕನಹಳ್ಳಿ ಕಡೆಯಿಂದ ಬೇಗ ಬಂದರೂ ಕಾಫಿಯ ನೆಪದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದ. ಅವಳ ಬಸ್ಸು ಬಂದ ಮೇಲೆ ಇಬ್ಬರೂ ಯಾರ್ಡಿನ ಗೇಟಿನವರೆಗೆ ಒಟ್ಟಿಗೆ ನಡೆಯುತ್ತಿದ್ದರು. ಅಷ್ಟೇ. ನಿನ್ನೆಯ ಹುರುಳಿ ಬಸ್ಸಾರು, ಕಂಡಕ್ಟರನ ಸಿಡಿಮಿಡಿ, ಲ್ಯಾಬಿನಲ್ಲಿ ಸೂಜಿ ಕಂಡು ಓಡಿಹೋದ ಪೈಲ್ವಾನ, ಇಂಥವೇ ಮಾತು. ಹೆಣ್ಣು ಸಿಗದೆ ನಲವತ್ತು ದಾಟಿದವನಿಗೆ ಇಡೀ ದಿನದಲ್ಲಿ ತನ್ನದು ಅನ್ನಿಸುತ್ತಿದ್ದದ್ದು ಆ ಹೊತ್ತು ಮಾತ್ರ. ಮಂಡಿಯ ಹೆಂಗಸರಿಗೆಲ್ಲ ಅವನು ಭೂಷಣಣ್ಣ. ಶಶಿರೇಖಾ ಒಂದು ದಿನವೂ ಅವನನ್ನು ಅಣ್ಣ ಎಂದಿರಲಿಲ್ಲ, ‘ಏನ್ರೀ’ ಎಂದೇ ಮಾತು ಶುರು ಮಾಡುವಳು. ಅದನ್ನು ನೆನೆಸಿಕೊಂಡೇ ಅವನು ಭಾನುವಾರಗಳನ್ನು ಕಳೆಯುತ್ತಿದ್ದ. ಇನ್ನು ಈ ಹಾಳು ಸೈಕಲ್ ಬಂದರೆ ಬಸ್ಸಿಳಿದವಳೇ ಬಿಚ್ಚಿ ಹತ್ತಿ, ‘ಬತ್ತೀನ್ರೀ’ ಎಂದು ಹೊರಟೇಬಿಡುತ್ತಾಳೆ.

ಎರಡನೆಯದನ್ನು ಅವನು ಎತ್ತಿ ಇಳಿಸಿದ. “ಹಿಂಡಿ ಮೂಟೆ ಇದ್ದಂಗೈತೆ. ಬಸ್ಸಿಗೆ ಎತ್ತಾಕೋಷ್ಟ್ರಲ್ಲಿ ನಿಮ್ ಸೊಂಟ ಹೋಯ್ತದೆ. ಕಂಡಕ್ಟ್ರು ಬ್ಯಾರೆ ಇದಕ್ಕೂ ಒಂದು ಟಿಕೆಟ್ ಹರೀತಾನೆ.”

“ಅಲ್ಲ ಕಣ್ಲಾ ಭೂಷಣ,” ಎಂದ ಬಾಲರಾಜು, “ನೀನು ಈಯಮ್ಮನ ಜೊತೆ ಬಂದಿದೀಯೋ, ಎದುರಂಗಡಿಯೋನು ಕಳಿಸಿದ್ದಕ್ಕೆ ಬಂದಿದೀಯೋ?”

ನಾಗಭೂಷಣ ಮೂರನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆರಳ ಗಿಣ್ಣಿನಿಂದ ಬಾರನ್ನು ತಟ್ಟಿ ಸದ್ದು ಕೇಳಿದ. ಮಡಚುವ ಕೀಲನ್ನು ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ. ಚಕ್ರ ತಿರುಗಿಸಿ ಅದು ತಾನಾಗಿ ನಿಲ್ಲುವವರೆಗೂ ನೋಡಿದ. ಹುಡುಕಿದಷ್ಟೂ ಸೈಕಲ್ ಚೆನ್ನಾಗಿಯೇ ಇತ್ತು. ‘ಕೀಲು ಸಡಿಲ’ ಎಂದು ಒಂದು ಮಾತು ಅಂದರೆ ಸಾಕು, ಅವಳು ನಂಬಿ ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಮಾತು ತುದಿನಾಲಿಗೆಗೂ ಬಂತು. ಶಶಿರೇಖಾ ಹ್ಯಾಂಡಲ್ ಹಿಡಿದು ಸುಮ್ಮಸುಮ್ಮನೆ ಬೆಲ್ ಬಾರಿಸುತ್ತಿದ್ದಳು. ಅವಳ ಮುಖದಲ್ಲಿ ಅವನು ಇದುವರೆಗೆ ಕಾಣದ ಹುರುಪಿತ್ತು, ಆಗಲೇ ಹಂಪಿಯ ಅರ್ಧ ದಾರಿ ತಲುಪಿದ್ದಳೇನೋ. ಯಾರೋ ವರ್ಷವೆಲ್ಲ ಅಟ್ಟದ ಮೇಲೆ ಕಾಪಾಡಿ ತಂದ ಕೊಬ್ಬರಿಯನ್ನು ಒಂದು ಸುಳ್ಳು ಮಾತಿನಿಂದ ಕೆಡಿಸುವ ಕೆಲಸ ಅವನು ಯಾವತ್ತೂ ಮಾಡಿದವನಲ್ಲ. ಇವತ್ತು ಮಾಡೋಣವೆಂದರೂ ಬಾಯಿ ಬರಲಿಲ್ಲ.

“ಇದ್ರಲ್ಲಿ ದೋಷ ಇಲ್ಲ ಕಣ್ರೀ,” ಎಂದ. “ತಗಳಿ. ಹಗುರ ಐತೆ. ಬೇಗ ಹೋಯ್ತೀರಿ.”

“ನಿಜವಾಗ್ಲೂ ಚೆನ್ನಾಗಿದೆಯೇನ್ರೀ?”

“ಚೆನ್ನಾಗೈತೆ.”

ಅಷ್ಟು ಹೇಳಿ ಅವನು ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತ. ಕೊಬ್ಬರಿ ಚೀಲ ತುಂಬಿದ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ನಾಳೆಯಿಂದ ಒಬ್ಬನೇ ನಡೆಯಬೇಕು ಎಂದು ನೆನೆದರೆ ನಿಜಕ್ಕೂ ಅಳು ಬರುವಂತಾಯಿತು. ಧೂಳಿದ್ದದ್ದು ಒಳ್ಳೆಯದೇ ಆಯಿತು, ಕಣ್ಣುಜ್ಜಿಕೊಳ್ಳಲು.

ಒಳಗೆ ಬಾಲರಾಜು ಸೈಕಲ್ಲನ್ನು ಒರೆಸಿಕೊಡುತ್ತಿದ್ದ. ಶಶಿರೇಖಾಳ ದನಿ ಕೇಳಿಸಿತು.

“ಬಾಲರಾಜಣ್ಣ, ಒಂದು ಕೇಳ್ತೀನಿ, ನಗಬಾರ್ದು. ಹತ್ತದೆ ಸುಮ್ನೆ ಪಕ್ಕದಲ್ಲಿ ತಳ್ಕೊಂಡು ನಡೆಯೋಕೆ ಇದು ಸಲೀಸಾಗಿ ಬತ್ತದಾ? ಪೆಡ್ಲು ಕಾಲಿಗೆ ಬಡಿಯಲ್ವಾ?”

“ಪೆಡ್ಲೂ ಮಡಚ್ತದೆ, ಬಡಿಯಲ್ಲ. ಅಲ್ಲ, ತಳ್ಕೊಂಡೇ ನಡೆಯೋದಾದ್ರೆ ಸೈಕಲ್ ಯಾಕಮ್ಮ?”

ಅವಳು ಬಾಗಿಲ ಕಡೆ ತಿರುಗಲಿಲ್ಲ. ಸೈಕಲ್ಲನ್ನು ಅಂಗಡಿಯೊಳಗೇ ಒಂದು ಸುತ್ತು ನಿಧಾನವಾಗಿ ತಳ್ಳಿ ನೋಡಿದಳು.

“ಸಂಜೆ ಊರಿನ ದಾರೀಲಿ ತುಳೀತೀನಿ ಕಣಣ್ಣ,” ಎಂದಳು. “ಬೆಳಿಗ್ಗೆ ಮಾತ್ರ ತುಳಿಯಲ್ಲ. ಬೆಳಿಗ್ಗೆ ನನ್ ಜೊತೆ ನಡೆಯೋರು ಒಬ್ರು ಇದಾರೆ.”