ಬದಲಿ

"ನನ್ನ ಪೋರ್ಟಿಗೆ ಕೈ ಹಾಕಿದ್ದು ನೀನೇ ತಾನೆ?"

ರಾಜೇಶ ಕೇಳಿದ. ಧನ್ಯಶ್ರೀ ತಲೆ ತಗ್ಗಿಸಿದಳು. ಕಾಫಿ ಬೀಜ ಸಂಸ್ಕರಿಸುವ ಮೂಡಿಗೆರೆಯ ಆ ಕ್ಯೂರಿಂಗ್ ವರ್ಕ್ಸಿನಲ್ಲಿ ಪ್ರೋಗ್ರಾಂ ಬರೆಯುವವರು ಇವರಿಬ್ಬರೇ. ಪಕ್ಕದ ಕುರ್ಚಿಯಲ್ಲಿ ಮಾಲೀಕರಾದ ಮಲ್ಲಿಕಾರ್ಜುನಪ್ಪ, ಟೆಸ್ಟ್ ನೋಡಲೆಂದೇ ಬಂದು ಕೂತಿದ್ದರು.

ಗೋದಾಮಿನ ಎರಡು ತಕ್ಕಡಿಗಳಿಂದ ಮೂಟೆಗಳ ತೂಕ ಕೇಬಲ್ಲಿನಲ್ಲಿ ಆಫೀಸಿಗೆ ಬರಬೇಕು. ಅದನ್ನು ಬರಮಾಡಿಕೊಳ್ಳುವ ಪ್ರೋಗ್ರಾಂ ರಾಜೇಶನದು. ಪೋರ್ಟ್ ಎಂದರೆ ಆ ತೂಕ ಒಳಬರುವ, ನಂಬರು ಹಾಕಿದ ಬಾಗಿಲು. ದಿನಾ ಬೆಳಿಗ್ಗೆ ಟೆಸ್ಟ್ ತಾನಾಗಿಯೇ ಓಡಿ, ಇಲ್ಲದ ಮೂಟೆಗಳ ತೂಕ ಕಳಿಸಿ, ಉತ್ತರ ಸರಿ ಬಂದರೆ ಹಸಿರು ಗೆರೆ ತೋರಿಸುತ್ತಿತ್ತು. ೨೦೦೪ರ ಸುಗ್ಗಿಯಲ್ಲಿ ಎರಡೂ ತಕ್ಕಡಿ ಒಟ್ಟಿಗೆ ತೂಕ ಕಳಿಸಿದಾಗ ಪ್ಲಾಂಟರುಗಳ ಎದುರೇ ಪ್ರೋಗ್ರಾಂ ಕೈಕೊಟ್ಟು ರಾಜೇಶನ ಮಾನ ಹೋಗಿತ್ತು. ಈಚೆಗೆ ಎಲ್ಲವೂ ಹಸಿರು. ಇವತ್ತೂ ಹಸಿರಾದರೆ ಕೆಲಸ ಖಾಯಂ.

ಟೆಸ್ಟ್ ಓಡಿಸಲು ಹೊರಟಾಗಲೇ ಅದು ಕಣ್ಣಿಗೆ ಬಿದ್ದಿತ್ತು. ಅವನ ಬಾಗಿಲಲ್ಲೇ ಇನ್ನೊಂದು ಪ್ರೋಗ್ರಾಂ ನಿಂತಿದೆ. ಹೆಸರು 'ಬದಲಿ'. ಬರೆದವಳು ಧನ್ಯಶ್ರೀ.

"ನೋಡಿ ಸರ್, ಹೆಸರೇ ಹೇಳುತ್ತೆ. ನನ್ನ ಜಾಗಕ್ಕೆ ಇವಳು ಬರ್ಬೇಕಂತೆ."

"ಎಂತದಮ್ಮ ಇದು?" ಮಲ್ಲಿಕಾರ್ಜುನಪ್ಪ ದನಿ ಏರಿಸಿದರು. "ನಿಮ್ಮಮ್ಮ ಭಾಗಮ್ಮ ಜ್ವರ ಬಂದು ಮಲಗಿದಾಗ ನಮ್ಮ ಬಾಳೂರು ತೋಟಕ್ಕೆ ಪಕ್ಕದ ಮನೆಯವಳು ಬರ್ತೀನಿ ಅಂದ್ಲು. ಬರ್ಲಿ ಅಂದೆ. ಅವಳು ಹಣ್ಣು ಕೊಯ್ದ್ರೂ ಹಾಜರಿ ಭಾಗಮ್ಮನ ಹೆಸರಿಗೇ ಹಾಕ್ಸಿದೆ. ಅದಕ್ಕೆ ಇದಾ ಉಪಕಾರ?"

"ಗೊತ್ತು ಸರ್." ಅವಳು ರಾಜೇಶನ ಕಡೆ ತಿರುಗಿದಳು. "ಈಗ ಅದನ್ನ ತೆಗೀಬೇಡಿ ರಾಜೇಶಣ್ಣ. ಟೆಸ್ಟ್ ಮುಗೀಲಿ. ಆಮೇಲೆ ನಿಮ್ಮೊಬ್ರಿಗೇ ಹೇಳ್ತೀನಿ."

"ಸರ್ ಮುಂದೆ ಹೇಳೋಕೆ ನಾಚಿಕೆನಾ?"

"ಹೌದು."

ಕದ್ದವಳಿಗೆ ಅಷ್ಟಾದರೂ ನಾಚಿಕೆಯಿದೆಯಲ್ಲ ಎಂದುಕೊಂಡು ರಾಜೇಶ 'ಬದಲಿ'ಯನ್ನು ನಿಲ್ಲಿಸಿದ. ಮಲ್ಲಿಕಾರ್ಜುನಪ್ಪ ಹೊರಗೆ ಕೈ ತೋರಿಸಿದರು. ಧನ್ಯಶ್ರೀ ಊಟದ ಡಬ್ಬಿ ಎತ್ತಿಕೊಂಡು, ಯಾರನ್ನೂ ನೋಡದೆ ಹೊರಟಳು.

"ಹ್ಞೂಂ ಮಾರಾಯ, ಈಗ ತೋರ್ಸು."

ರಾಜೇಶ ಟೆಸ್ಟ್ ಓಡಿಸಿದ. ಮೊದಲ ತಕ್ಕಡಿಗೆ ಹಸಿರು. ಜೊತೆಗೇ ಎರಡನೆಯದೂ ತೂಕ ಕಳಿಸಿತು. ಸುಗ್ಗಿಯಲ್ಲಿ ಮುಗ್ಗರಿಸಿದ ಜಾಗದಲ್ಲೇ ಅವನ ಪ್ರೋಗ್ರಾಂ ಮತ್ತೆ ಮುಗ್ಗರಿಸಿತು. ಕೆಂಪು. ಮತ್ತೆ ಓಡಿಸಿದ. ಮತ್ತೆ ಕೆಂಪು.

"ನಿನ್ನೆವರೆಗೂ ಸರಿಯಿತ್ತಲ್ಲ?" ಮಲ್ಲಿಕಾರ್ಜುನಪ್ಪ ಕೇಳಿದರು.

ರಾಜೇಶ ಅವಳು ಬರೆದ ಪ್ರೋಗ್ರಾಂ ತೆರೆದು ಓದಿದ. ಅವನ ಪ್ರೋಗ್ರಾಂ ಬಿದ್ದಾಗಲೆಲ್ಲ ತೂಕ ಬರಮಾಡಿಕೊಂಡು ಉತ್ತರ ಕೊಟ್ಟಿದ್ದು ಅದು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ದಿನಾ ದುಡಿದದ್ದು 'ಬದಲಿ'. ಹಾಜರಿ ಬಿದ್ದದ್ದು ರಾಜೇಶನ ಹೆಸರಿಗೆ.